ಕಪಾಲಬೆಟ್ಟದಲ್ಲಿ ಮುನೇಶ್ವರನ ಪಾಲು

2019ರ ಡಿಸೆಂಬರ್ 25ರಂದು ಕನಕಪುರ ತಾಲ್ಲೂಕು ಉಯ್ಯಂಬಳ್ಳಿ ಹೋಬಳಿಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ನೆರವೇರಿಸಿದವರು ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್. ಬೆಟ್ಟದ ಹತ್ತು ಎಕರೆ ಸರ್ಕಾರಿ ಗೋಮಾಳ ಹಿಂದಿನ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಸ್ಥಳೀಯ ಟ್ರಸ್ಟೊಂದಕ್ಕೆ ಮಂಜೂರಾಗಿತ್ತು. ಅದಕ್ಕೆ ಕಟ್ಟಬೇಕಾದ ಹಣವನ್ನು ತಾವೇ ಕಟ್ಟಿದ್ದಾಗಿ ಶಿವಕುಮಾರ್ ಹೇಳಿದರು. ಮೂರು ವಾರ ಕಳೆಯುವಷ್ಟರಲ್ಲಿ, 2020ರ ಜನವರಿ 13ರಂದು, ಕಲ್ಲಡ್ಕ ಪ್ರಭಾಕರ ಭಟ್ಟರಂಥ ಆರ್‌ಎಸ್‌ಎಸ್ ಮುಖಂಡರ ಮುಂದಾಳತ್ವದಲ್ಲಿ ‘ಕನಕಪುರ ಚಲೋ’ ಮೆರವಣಿಗೆ ನಡೆಯಿತು. ಆ ಬೆಟ್ಟ ಕಪಾಲಬೆಟ್ಟವಲ್ಲ, ಮುನೇಶ್ವರ ಬೆಟ್ಟ; ಅಲ್ಲಿ ಯೇಸುವಿಗೆ ಜಾಗವಿಲ್ಲ ಎಂಬುದು ಆ ಮೆರವಣಿಗೆಯ ಕೂಗು.

ಆ ದಿನಗಳಲ್ಲಿ ಪತ್ರಿಕೆ ಓದಿದವರಿಗೆ, ಟಿ.ವಿ. ನೋಡಿದವರಿಗೆ ಇದು ಎರಡು ದೇವರ ನಡುವಿನ ಹಳೆಯ ಹಗೆಯ ಹೊಸ ಅಧ್ಯಾಯದಂತೆ ಕಂಡಿರಬಹುದು. ಒಬ್ಬನೇ ದೇವರು ಎನ್ನುವ ಧರ್ಮವೊಂದು ಊರೂರಿನ ಮರ, ಕಲ್ಲು, ಹುತ್ತಗಳಲ್ಲಿರುವ ದೇವರುಗಳನ್ನು ಓಡಿಸಲು ಬಂದಿದೆ, ಆ ದೇವರುಗಳ ಕಡೆಯವರು ತಡೆದು ನಿಂತಿದ್ದಾರೆ ಎಂದು. ಈ ಚಿತ್ರ ಅರ್ಧ ನಿಜ. ಅಂಥ ಹಗೆಯ ಚರಿತ್ರೆ ಜಗತ್ತಿನಲ್ಲಿ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ಸೌಹಾರ್ದದ ಮಾತಾಡುವುದರಲ್ಲಿ ಅರ್ಥವಿಲ್ಲ. ಆದರೆ ಕನಕಪುರದಲ್ಲಿ ನಡೆದದ್ದು ಅದಲ್ಲ. ಮುನೇಶ್ವರನ ಹೆಸರಲ್ಲಿ ನಡೆದ ಆ ಜಗಳದಲ್ಲಿ ಮುನೇಶ್ವರನ ಪರ ಯಾರೂ ಇರಲಿಲ್ಲ ಎಂಬುದು ನನ್ನ ವಾದ.

ಮೊದಲು ಹಗೆಯ ಚರಿತ್ರೆಯನ್ನೇ ನೋಡೋಣ.

ಕ್ರೈಸ್ತಧರ್ಮ ಹುಟ್ಟಿದ ರೋಮ್ ಸಾಮ್ರಾಜ್ಯದಲ್ಲಿ ಊರಿಗೊಂದು, ಬೀದಿಗೊಂದು, ಮನೆಗೊಂದು ದೇವರಿತ್ತು. ಆ ದೇವರುಗಳಿಗೆ ಬಲಿ ಕೊಡಲು, ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ ಹಾಕಲು ಒಪ್ಪದ ಕ್ರೈಸ್ತರು ಮೊದಲ ಮೂರು ಶತಮಾನ ಮತ್ತೆಮತ್ತೆ ಪೆಟ್ಟು ತಿಂದರು. ಕ್ರಿ.ಶ. 250ರ ಹೊತ್ತಿಗೆ ಡೀಸಿಯಸ್ ಎಂಬ ಚಕ್ರವರ್ತಿ ಎಲ್ಲರೂ ಬಲಿ ಅರ್ಪಿಸಲೇಬೇಕು ಎಂದು ಆಜ್ಞೆ ಹೊರಡಿಸಿದ. 303ರಲ್ಲಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಿಸಿದ, ಗ್ರಂಥಗಳನ್ನು ಸುಡಿಸಿದ. ಹತ್ತು ವರ್ಷಗಳಲ್ಲಿ, 313ರಲ್ಲಿ, ಕಾನ್‌ಸ್ಟಂಟೈನನ ಕಾಲಕ್ಕೆ ಕ್ರೈಸ್ತರಿಗೆ ಸ್ವಾತಂತ್ರ್ಯ ಸಿಕ್ಕಿತು. ಅಲ್ಲಿಂದ ಎಂಬತ್ತು ವರ್ಷ ತುಂಬುವ ಮೊದಲೇ ಪಾತ್ರಗಳು ಅದಲುಬದಲಾದವು. 384ರಲ್ಲಿ ರೋಮಿನ ಹಿರಿಯ ಅಧಿಕಾರಿ ಸಿಮ್ಮಾಕಸ್, ಸೆನೆಟ್ ಭವನದಿಂದ ತೆಗೆಸಿದ್ದ ವಿಜಯದೇವತೆಯ ವೇದಿಕೆಯನ್ನು ಮತ್ತೆ ಇಡಿಸಿ ಎಂದು ಚಕ್ರವರ್ತಿಗೆ ಮನವಿ ಬರೆದ. ನಾವೆಲ್ಲ ನೋಡುವುದು ಅದೇ ನಕ್ಷತ್ರಗಳನ್ನು, ಇಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ಮುಟ್ಟಲಾಗದು ಎಂಬುದು ಅವನ ವಾದದ ತಿರುಳು. ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ವಿರೋಧಿಸಿದ, ಮನವಿ ಬಿದ್ದುಹೋಯಿತು. 391–392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹಳೆಯ ದೇವರುಗಳ ಪೂಜೆಯನ್ನೇ ನಿಷೇಧಿಸಿದ. ಅಲೆಕ್ಸಾಂಡ್ರಿಯಾದಲ್ಲಿ ಸೆರಾಪಿಸ್ ದೇವರ ಮಹಾ ದೇವಾಲಯ ನೆಲಕ್ಕುರುಳಿದ್ದು ಅದೇ ಹೊತ್ತಿನಲ್ಲಿ.

ಹಳೆಯ ದೇವರುಗಳು ಸೋತದ್ದು ಕ್ರೈಸ್ತ ಉಪದೇಶ ಹೆಚ್ಚು ರುಚಿಸಿತು ಎಂಬ ಕಾರಣಕ್ಕೆ ಮಾತ್ರವಲ್ಲ. ಉಪದೇಶ ಮೂರು ಶತಮಾನ ನಡೆದರೂ ಸೆರಾಪಿಸನ ಗುಡಿ ನಿಂತೇ ಇತ್ತು. ಅದು ಬಿದ್ದದ್ದು ಚಕ್ರವರ್ತಿಯ ಆಜ್ಞೆ ಮತ್ತು ಉದ್ರಿಕ್ತ ಗುಂಪು ಒಂದೇ ಕಡೆ ನಿಂತಾಗ. ಮುಂದಿನ ಯುರೋಪಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಸ್ಯಾಕ್ಸನ್ ಜನರ ಪವಿತ್ರ ಸ್ತಂಭವನ್ನು 772ರಲ್ಲಿ ಕೆಡವಿಸಿದವನು ದೊರೆ ಶಾರ್ಲಮನ್. 782ರಲ್ಲಿ ವೆರ್ಡನ್ನಿನಲ್ಲಿ 4,500 ಸ್ಯಾಕ್ಸನ್ನರ ತಲೆ ಕಡಿಸಿದ ಎಂದು ಅವನ ಕಡೆಯ ವಾರ್ಷಿಕ ದಾಖಲೆಗಳೇ ಬರೆದುಕೊಂಡಿವೆ. ದೀಕ್ಷಾಸ್ನಾನ ಒಲ್ಲೆನೆಂದವನಿಗೆ, ಹಿರಿಯರ ಪದ್ಧತಿಯಂತೆ ಹೆಣ ಸುಟ್ಟವನಿಗೆ ಮರಣದಂಡನೆ ಎಂದು ಅವನ ಕಾನೂನು ಹೇಳಿತು. ಇದಕ್ಕೆ ಎದುರಾಗಿ 601ರ ಒಂದು ಪತ್ರವೂ ಇದೆ. ಇಂಗ್ಲೆಂಡಿಗೆ ಹೊರಟ ಪಾದ್ರಿಗಳಿಗೆ ಪೋಪ್ ಗ್ರೆಗೊರಿ ಬರೆದದ್ದು. ಅಲ್ಲಿನ ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹ ತೆಗೆದು ತೀರ್ಥ ಚಿಮುಕಿಸಿ ಬಳಸಿಕೊಳ್ಳಿ. ಜನ ಎತ್ತು ಕಡಿದು ಹಬ್ಬ ಮಾಡುತ್ತಾರಾದರೆ ಅದನ್ನೇ ಸಂತರ ಹಬ್ಬದ ದಿನ ಮಾಡಲಿ ಎಂದು ಅವನು ಹೇಳಿಕಳಿಸಿದ. ಇದೂ ವಶಮಾಡಿಕೊಳ್ಳುವ ಉಪಾಯವೇ, ಸಂಶಯವಿಲ್ಲ. ಆದರೂ ತಲೆ ಕಡಿಸುವುದಕ್ಕೂ ಇದಕ್ಕೂ ಅಜಗಜಾಂತರ.

ಪ್ರಭುತ್ವದ ಬಲದಿಂದ ದೇವರುಗಳನ್ನು ಓಡಿಸಿದ್ದಕ್ಕೆ ನಮ್ಮ ಮಗ್ಗುಲಲ್ಲೇ ದೊಡ್ಡ ಉದಾಹರಣೆಯಿದೆ. 1540ರಲ್ಲಿ ಪೋರ್ಚುಗೀಸ್ ಆಡಳಿತ ಗೋವಾದ ತಿಸವಾಡಿ ದ್ವೀಪದ ದೇವಾಲಯಗಳನ್ನು ಕೆಡವಿಸಿತು. 1560ರಲ್ಲಿ ಧಾರ್ಮಿಕ ವಿಚಾರಣಾಲಯ ಕೂತಿತು. 1567ರಲ್ಲಿ ಸಾಲ್ಸೆಟಿಯ ಸರದಿ. ಮಂಗೇಶಿ, ಮಹಾಲಸಾ, ಶಾಂತಾದುರ್ಗೆ ಇವರನ್ನೆಲ್ಲ ಜನ ಹೊಳೆ ದಾಟಿಸಿ ಫೋಂಡಾದ ಕಡೆ ಒಯ್ದರು. ಆಗ ಅದು ಬಿಜಾಪುರದ ಆದಿಲಶಾಹಿಗಳ ನೆಲ; ಆ ದೇವರುಗಳು ನೆಲೆ ಕಂಡದ್ದು ಮುಸ್ಲಿಂ ಸುಲ್ತಾನನ ಸೀಮೆಯಲ್ಲಿ. ಕೊಂಕಣಿಗರು ಗುಂಪುಗುಂಪಾಗಿ ಕರ್ನಾಟಕದ ಕರಾವಳಿಗೆ ಇಳಿದರು. ಹಾಗೆ ಬಂದವರಲ್ಲಿ ಕ್ರೈಸ್ತರಾದವರೂ ಇದ್ದರು ಎಂಬುದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ವಿಚಾರಣಾಲಯದ ಕಣ್ಣು ಹಿಂದೂಗಳಿಗಿಂತ ಹೆಚ್ಚಾಗಿ ಹೊಸ ಕ್ರೈಸ್ತರ ಮೇಲಿತ್ತು. ಮತಾಂತರವಾದ ಮೇಲೂ ತುಳಸಿ ಗಿಡ ಬೆಳೆಸಿದರೆ, ಮದುವೆಯಲ್ಲಿ ಹಳೆಯ ಹಾಡು ಹೇಳಿದರೆ, ಹಿರಿಯರ ಶಾಸ್ತ್ರ ಮಾಡಿದರೆ ಶಿಕ್ಷೆ. 1736ರ ವಿಚಾರಣಾಲಯದ ಆಜ್ಞೆಯಲ್ಲಿ ಅಂಥ ನಿಷೇಧಗಳ ಉದ್ದ ಪಟ್ಟಿಯೇ ಇದೆ.

ಈ ಚರಿತ್ರೆಯನ್ನು ಚರ್ಚ್ ನಿರಾಕರಿಸಬಾರದು, ನಿರಾಕರಿಸಲೂ ಆಗದು. ಕಪಾಲಬೆಟ್ಟದ ಪ್ರತಿಮೆಯನ್ನು ವಿರೋಧಿಸಿದವರ ಮನಸ್ಸಿನ ಮೂಲೆಯಲ್ಲಿ ಗೋವಾದ ನೆನಪು ಇದ್ದಿದ್ದರೆ ಅದು ಸುಳ್ಳು ನೆನಪಲ್ಲ. ಆದರೆ ಗೋವಾದ ನೆನಪನ್ನು ಉಯ್ಯಂಬಳ್ಳಿಯ ಮೇಲೆ ಹೇರಿದಾಗ ಅದು ಸುಳ್ಳಾಗುತ್ತದೆ. ಯಾಕೆಂದರೆ ಮೈಸೂರು ಸೀಮೆಗೆ ಕ್ರೈಸ್ತಧರ್ಮ ಬಂದ ದಾರಿಯೇ ಬೇರೆ.

ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದದ್ದು 1648–49ರ ಹೊತ್ತಿಗೆ. ಆಗ ಗದ್ದುಗೆಯ ಮೇಲಿದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು. ಚಿನ್ನಮಿಯ ಹಿಂದೆ ಸೈನ್ಯವಿರಲಿಲ್ಲ, ಹಡಗಿನ ಫಿರಂಗಿಯಿರಲಿಲ್ಲ. ಮಧುರೆಯಲ್ಲಿ 1606ರಿಂದ ರಾಬರ್ಟ್ ದಿ ನೊಬಿಲಿ ಹಾಕಿಕೊಟ್ಟ ಮೇಲ್ಪಂಕ್ತಿಯಂತೆ ಅವನು ಸನ್ಯಾಸಿಯ ಉಡುಗೆ ತೊಟ್ಟ, ಕನ್ನಡ ಕಲಿತ, ಕನ್ನಡದಲ್ಲಿ ಧರ್ಮೋಪದೇಶ ಬರೆದ. ದೊರೆ ಒಪ್ಪಿದರೆ ಇರಬೇಕು, ಒಪ್ಪದಿದ್ದರೆ ಗಂಟು ಕಟ್ಟಬೇಕು. ಹಳ್ಳಿಯ ಗೌಡ ಬೇಡವೆಂದರೆ ಆ ಊರಿಗೆ ಕಾಲಿಡುವಂತಿಲ್ಲ. ಇಂಥ ಸ್ಥಿತಿಯಲ್ಲಿ ಧರ್ಮವೊಂದು ಬೇರು ಬಿಡಬೇಕಾದರೆ ಅದು ನೆಲದ ಗುಣಕ್ಕೆ ಒಗ್ಗಲೇಬೇಕು.

ಉಯ್ಯಂಬಳ್ಳಿಯಿಂದ ದೂರವೇನಲ್ಲದ ಹಾರೋಬೆಲೆಯ ಕ್ರೈಸ್ತರು ತಮ್ಮ ಮೂಲವನ್ನು ಆ ಯೇಸುಸಭೆಯವರ ಕಾಲಕ್ಕೇ ಒಯ್ಯುತ್ತಾರೆ. ಇವತ್ತು ಹೊರಗಿನವರಿಗೆ ಹಾರೋಬೆಲೆ ಎಂದರೆ ಅರ್ಕಾವತಿಯ ಅಣೆಕಟ್ಟು. ಕ್ರೈಸ್ತರಿಗೆ ಅದು ನೂರಾರು ವರ್ಷದ ಊರು, ಲೆಕ್ಕವಿಲ್ಲದಷ್ಟು ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕೊಟ್ಟ ಊರು. ಆ ಊರಿನ ಮನೆಮಾತು ಕನ್ನಡ, ಉಣ್ಣುವುದು ರಾಗಿಮುದ್ದೆ, ಬೆಳೆಯುವುದು ರಾಗಿ, ಹುರುಳಿ, ರೇಷ್ಮೆ. ಈ ಸೀಮೆಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಇನ್ನಾಸಪ್ಪ, ಚೌರಪ್ಪ, ರಾಯಪ್ಪ, ಸಂದ್ಯಾಗಪ್ಪ ಎಂಬ ಹೆಸರುಗಳು. ಸ್ಪೇನಿನ ಸಂತರೂ ಗಲಿಲಾಯದ ಮೀನುಗಾರನೂ ಇಲ್ಲಿ ‘ಅಪ್ಪ’ಂದಿರಾಗಿದ್ದಾರೆ. ಹಾರೋಬೆಲೆಯ ‘ಮಹಿಮೆ’ ಎಂಬ ಆಟ ನೂರು ವರ್ಷ ದಾಟಿದೆ. ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯಲ್ಲಿ ಊರಿನ ರೈತರೇ ವೇಷ ಕಟ್ಟಿ ಆಡುತ್ತಾರೆ. ಅದನ್ನು ನೋಡಲು ಸುತ್ತಲಿನ ಹಳ್ಳಿಗಳ ಎಲ್ಲ ಜಾತಿಯ ಜನ ಸೇರುತ್ತಾರೆ. ಪೌರಾಣಿಕ ನಾಟಕದ ಹುಚ್ಚಿರುವ ಕನಕಪುರ–ಮಾಗಡಿ ಸೀಮೆಯಲ್ಲಿ ಕ್ರೈಸ್ತರೂ ತಮ್ಮ ದೇವರ ಕಥೆಯನ್ನು ಆಡಿ ತೋರಿಸುವುದೇ ಸರಿ ಎಂದುಕೊಂಡರು. ಕಪಾಲಬೆಟ್ಟಕ್ಕೆ ಅವರು ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡುತ್ತ ಹತ್ತುತ್ತಿದ್ದದ್ದು ಪ್ರತಿಮೆಯ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲು.

ಕೆ.ಆರ್. ನಗರದ ದಾರಿಯ ಡೋರ್ನಹಳ್ಳಿಗೆ ಬನ್ನಿ. ಅಲ್ಲಿ ಸಂತ ಅಂತೋಣಿಯವರ ಕ್ಷೇತ್ರವಿದೆ. ಜೂನ್ 13ರ ಹಬ್ಬಕ್ಕೆ ದೊಡ್ಡ ಜನಸಾಗರ. ಆ ಕ್ಷೇತ್ರದ ಮೂಲಕಥೆ ಹೀಗೆ: ಕ್ರೈಸ್ತನಲ್ಲದ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಬೊಂಬೆಯೊಂದು ಸಿಕ್ಕಿತು. ಯಾರೆಂದು ತಿಳಿಯದೆ ಅವನು ಅದನ್ನು ಉಪೇಕ್ಷಿಸಿದ, ಮನೆಗೆ ಕಷ್ಟ ಬಂತು, ಬೊಂಬೆ ಕನಸಿನಲ್ಲಿ ಬಂದು ತನಗೊಂದು ಗುಡಿ ಕಟ್ಟಿಸು ಎಂದಿತು. ಹಳೇ ಮೈಸೂರಿನ ಎಷ್ಟು ಗ್ರಾಮದೇವತೆಗಳ ಕಥೆ ಇದೇ ಅಲ್ಲವೇ? ನೇಗಿಲಿಗೆ ಸಿಗುವುದು, ಮುನಿಯುವುದು, ಕನಸಿನಲ್ಲಿ ಬರುವುದು, ಗುಡಿ ಕೇಳುವುದು. ಪಡುವಾದ ಸಂತನೊಬ್ಬ ಕಾವೇರಿ ಬಯಲಿಗೆ ಬಂದಾಗ ಊರಮ್ಮನ ಕ್ರಮದಲ್ಲೇ ಬಂದ. ಆ ಕ್ಷೇತ್ರದಲ್ಲಿ ಹರಕೆ ತೀರಿಸುವವರಲ್ಲಿ ಕ್ರೈಸ್ತರಲ್ಲದವರು ತುಂಬ ಇದ್ದಾರೆ, ಅವರನ್ನು ಯಾರೂ ನಿಮ್ಮ ಧರ್ಮವೇನೆಂದು ಕೇಳುವುದಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಸೀರೆಯುಟ್ಟ ಮರಿಯಮ್ಮನ ತೇರು ಸೆಪ್ಟೆಂಬರ್ 8ಕ್ಕೆ ಎಳೆಯುವಾಗಲೂ ಹಾಗೆಯೇ.

ಇದರಿಂದ ಎಲ್ಲವೂ ಸುಸೂತ್ರವಾಗಿತ್ತು ಎಂದು ಹೇಳಿದರೆ ಅದು ಇನ್ನೊಂದು ಬಗೆಯ ಸುಳ್ಳು. ಹೀಗೆ ಒಗ್ಗಿಕೊಂಡದ್ದೇ ರೋಮಿಗೆ ಹಿಡಿಸಲಿಲ್ಲ. 1623ರಲ್ಲಿ ಜನಿವಾರ, ಜುಟ್ಟು, ಗಂಧಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿದ್ದ ರೋಮ್, ಪುದುಚೇರಿಗೆ ಬಂದ ತನ್ನ ಪ್ರತಿನಿಧಿ ತೂರ್ನೊನ್ ಮೂಲಕ 1704ರಲ್ಲಿ ಇಂಥ ಆಚರಣೆಗಳನ್ನು ತಡೆಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಆ ತಡೆಗೆ ಕೊನೆಯ ಮುದ್ರೆ ಒತ್ತಿದ. ಮುಂದೆ ಸುಮಾರು ಎರಡು ಶತಮಾನ ಇಲ್ಲಿಗೆ ಬರುವ ಪಾದ್ರಿ ಈ ಆಚರಣೆಗಳ ವಿರುದ್ಧ ಪ್ರಮಾಣ ಮಾಡಿಯೇ ಬರಬೇಕಾಗಿತ್ತು. ಹಳ್ಳಿಯ ಮಟ್ಟದಲ್ಲಿ ಇದರ ಅರ್ಥ ತುಂಬ ಸ್ಪಷ್ಟ. ಕ್ರೈಸ್ತನಾದವನು ಮಾರಿಹಬ್ಬಕ್ಕೆ ವಂತಿಗೆ ಕೊಡುವಂತಿಲ್ಲ, ತಮಟೆ ಬಡಿಯುವಂತಿಲ್ಲ, ಬಲಿಯ ಪಾಲು ಉಣ್ಣುವಂತಿಲ್ಲ. ಊರ ಹಬ್ಬದಲ್ಲಿ ಪಾಲಿಲ್ಲದವನು ಊರಿನ ನ್ಯಾಯದಲ್ಲಿ, ಕೆರೆಯ ನೀರಿನಲ್ಲಿ ಎಷ್ಟರ ಮಟ್ಟಿಗೆ ಪಾಲುದಾರ ಎಂಬ ಪ್ರಶ್ನೆ ಏಳುತ್ತಿತ್ತು. ಗುರುಗಳ ಬೋಧನೆಯಲ್ಲಿ ಮಾರಮ್ಮ, ಮುನಿಯಪ್ಪ ದೇವರ ಪಟ್ಟದಿಂದಿಳಿದು ದೆವ್ವಗಳಾದರು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬಾಯ್ ಈ ಜನರ ಆಚಾರಗಳನ್ನು ಕುರಿತು ಇಡೀ ಗ್ರಂಥವನ್ನೇ ಬರೆದ. ಅದರಲ್ಲಿ ತಿಳಿವಳಿಕೆಯ ಜತೆಗೆ ತಾತ್ಸಾರವೂ ಬೇಕಾದಷ್ಟಿದೆ. ಕೊನೆಗೆ 1823ರಲ್ಲಿ ಯುರೋಪಿಗೆ ಮರಳಿ, ಆಗಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂದು ಅವನೇ ಬರೆದ. ಬರಿಯ ಉಪದೇಶಕ್ಕೆ ಊರ ದೇವರುಗಳು ಜಗ್ಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಕರಾವಳಿಯಲ್ಲಿ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರದು ಇನ್ನೊಂದು ಬಗೆ. ತುಳುನಾಡಿನ ಭೂತಾರಾಧನೆ ಅವರ ಕಣ್ಣಿಗೆ ಪಿಶಾಚಿಪೂಜೆ; ಆ ಕಾಲದ ಬರಹಗಳ ತಲೆಬರಹದಲ್ಲೇ ಆ ತೀರ್ಪು ಇದೆ. ಆದರೆ ಪಿಶಾಚಿಯೆಂದು ಬಗೆದದ್ದನ್ನೇ ಕೂತು ಬರೆದುಕೊಂಡವರೂ ಅವರೇ. ಆಗಸ್ಟ್ ಮೆನ್ನರ್ ಸಂಗ್ರಹಿಸಿದ ಪಾಡ್ದನಗಳು 1886ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದಲೇ ಅಚ್ಚಾದವು. ಅಂದು ನಮ್ಮ ಪಂಡಿತರಿಗೆ ಆ ಹಾಡುಗಳು ಬರೆದಿಡಲು ಯೋಗ್ಯವೆನಿಸಿರಲಿಲ್ಲ. ಇದು ಮಿಷನರಿಗಳ ದೃಷ್ಟಿಯನ್ನು ಸಮರ್ಥಿಸುವುದಿಲ್ಲ. ಊರ ದೇವರುಗಳನ್ನು ಕೀಳಾಗಿ ಕಂಡವರು ಅವರು ಮಾತ್ರವಲ್ಲ ಎಂಬುದನ್ನು ನೆನಪಿಸುತ್ತದೆ, ಅಷ್ಟೆ.

ಈಗ ಮುನೇಶ್ವರನಿಗೆ ಬರೋಣ.

ಬೆಂಗಳೂರು, ಕೋಲಾರ, ರಾಮನಗರ ಸೀಮೆಯಲ್ಲಿ ಮುನಿಯಪ್ಪ, ಮುನಿರಾಜು, ಮುನಿಯಮ್ಮ ಇಲ್ಲದ ಹಳ್ಳಿ ಸಿಗುವುದು ಕಷ್ಟ. ಹುಟ್ಟಿದ ಮಕ್ಕಳು ಉಳಿಯಲಿ ಎಂದು ಅವನ ಹೆಸರು ಇಟ್ಟವರು ಈ ಜನ. ಮುನೇಶ್ವರ ಎಲ್ಲೆ ಕಾಯುವ ದೇವರು. ಅವನಿಗೆ ಗರ್ಭಗುಡಿ ಬೇಕಿರಲಿಲ್ಲ. ಮರದ ಬುಡ, ನಾಲ್ಕಾರು ಕಲ್ಲು, ಮೇಲೆ ಅರಿಶಿನ ಕುಂಕುಮ ಸಾಕು. ಅವನ ಪೂಜಾರಿ ಊರಿನವನೇ, ಸಂಸ್ಕೃತ ಬಾರದವನು. ಅವನಿಗೆ ಕೋಳಿ, ಕುರಿ ಸಲ್ಲುತ್ತದೆ. ಹೆಂಡ, ಸಾರಾಯಿ, ಬೀಡಿ, ಚುಟ್ಟ ಸಲ್ಲುತ್ತದೆ. ಬಲಿಯ ಬಾಡು ಅಲ್ಲೇ ಬೆಂದು ಅಲ್ಲೇ ಹಂಚಿಕೆಯಾಗುತ್ತದೆ. ಊರಿನ ನೆಲದ ಮೇಲೆ ಉಳುವವನಿಗೂ ಕಾಯುವವನಿಗೂ ಇರುವ ಹಕ್ಕನ್ನು ವರ್ಷಕ್ಕೊಮ್ಮೆ ಎತ್ತಿ ಹಿಡಿಯುವ ಹಬ್ಬ ಅದು.

ಈ ಮುನೇಶ್ವರನನ್ನು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಯಾರು ಬದಲಿಸಿದರು? ಯೇಸುವಿನ ಕಡೆಯವರಂತೂ ಅಲ್ಲ. ಮರ ಕಡಿದು ಕಾಂಕ್ರೀಟು ಗುಡಿ ಕಟ್ಟಿದವರು, ಕಲ್ಲುಗಳ ಜಾಗದಲ್ಲಿ ಜಟೆ–ತ್ರಿಶೂಲದ ಬಣ್ಣದ ವಿಗ್ರಹ ನಿಲ್ಲಿಸಿ ಶಿವನ ಅವತಾರ ಎಂದು ಬೋರ್ಡು ಹಾಕಿದವರು, ಹಳೆಯ ಪೂಜಾರಿಯ ಮಗನನ್ನು ಹೊರಗೆ ನಿಲ್ಲಿಸಿ ಮಂತ್ರ ಬಲ್ಲವರನ್ನು ಕರೆತಂದವರು ನಮ್ಮವರೇ. ಗುಡಿಯಲ್ಲಿ ಬಲಿ ಕೊಡುವುದು 1959ರ ರಾಜ್ಯದ ಪ್ರಾಣಿಬಲಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಬಲಿಯ ಬಗ್ಗೆ ಬೇರೆಬೇರೆ ಅಭಿಪ್ರಾಯ ಇರಬಹುದು, ಪ್ರಾಣಿದಯೆಯ ವಾದಕ್ಕೂ ತೂಕವಿದೆ. ಆದರೆ ಕಟುಕನ ಅಂಗಡಿಯಲ್ಲಿ ಕಡಿದರೆ ವ್ಯಾಪಾರ, ದೇವರ ಮುಂದೆ ಕಡಿದರೆ ಅಪರಾಧ ಎನ್ನುವ ಕಾನೂನು ಪ್ರಾಣಿಯನ್ನು ಉಳಿಸುತ್ತಿಲ್ಲ, ಒಂದು ಬಗೆಯ ದೇವರನ್ನು ತಿದ್ದುತ್ತಿದೆ. ಥಿಯೋಡೋಸಿಯಸ್ ಮೊದಲು ನಿಷೇಧಿಸಿದ್ದೂ ಬಲಿಯನ್ನೇ ಎಂಬುದು ಇಲ್ಲಿ ನೆನಪಿಗೆ ಬರಬೇಕು. ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಊರವರು ನಡೆದುಕೊಳ್ಳುತ್ತಿದ್ದ ಮಹದೇವಮ್ಮನ ಗುಡಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಜೆಸಿಬಿ ತಂದು ಕೆಡವಿದ್ದು ಸರ್ಕಾರಿ ಅಧಿಕಾರಿಗಳು. ಗದ್ದಲವಾದ ಮೇಲೆ ಅದೇ ತಿಂಗಳು ಧಾರ್ಮಿಕ ಕಟ್ಟಡಗಳ ರಕ್ಷಣೆಗೆಂದು ವಿಧಾನಮಂಡಲ ಮಸೂದೆ ಅಂಗೀಕರಿಸಿತು.

ಹೀಗಿರುವಾಗ ಕನಕಪುರದ ಮೆರವಣಿಗೆ ಮುನೇಶ್ವರನಿಗಾಗಿ ಏನು ಕೇಳಿತು? ಪ್ರತಿಮೆಯ ಕೆಲಸ ತಡೆಯಿರಿ, ಜಮೀನು ವಾಪಸು ಪಡೆಯಿರಿ ಎಂದಿತು. ಮುನೇಶ್ವರನ ಪೂಜಾರಿಗೆ ಹಕ್ಕು ಕೊಡಿ, ಅವನ ಎಡೆಯನ್ನು ಹೀಗಳೆಯಬೇಡಿ, ಅವನ ಮರ ಕಡಿಯಬೇಡಿ ಎಂಬ ಮಾತು ಆ ದಿನಗಳ ಸುದ್ದಿಯಲ್ಲಿ ನನಗೆ ಕಾಣಲಿಲ್ಲ. ಮೆರವಣಿಗೆಯಲ್ಲಿ ಅವನ ಹೆಸರಿತ್ತು, ಅವನ ಒಕ್ಕಲಿನ ಬದುಕು ಇರಲಿಲ್ಲ. ಇನ್ನೊಂದು ಕಡೆ, 114 ಅಡಿಯ ಯೇಸುವೂ ಹಾರೋಬೆಲೆಯ ಯೇಸುವಲ್ಲ. ಹಾರೋಬೆಲೆಯ ಯೇಸು ಊರ ರೈತನ ಮೈಮೇಲೆ ವೇಷವಾಗಿ ಬಂದು, ಕನ್ನಡದಲ್ಲಿ ಮಾತಾಡಿ, ನೆರೆಹೊರೆಯವರ ಕಣ್ಣಲ್ಲಿ ನೀರು ತರಿಸಿದವನು. ಬೆಟ್ಟದ ತುದಿಯಲ್ಲಿ ದೂರದೂರಿನವರು ಬಂದು ಫೋಟೊ ತೆಗೆಸಿಕೊಳ್ಳುವ ಏಕಶಿಲಾ ದಾಖಲೆಯ ಯೇಸು ರಿಯೋ ಡಿ ಜನೈರೋದ ಬಳಗದವನು, ಮುರುಡೇಶ್ವರದ 123 ಅಡಿಯ ಶಿವನ ಬಳಗದವನು. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ 112 ಅಡಿಯ ಆದಿಯೋಗಿ ಎದ್ದು ನಿಂತದ್ದು ಇದೇ ಸಾಲಿನಲ್ಲಿ. ಈ ಎತ್ತರದ ಪಂದ್ಯ ನಮ್ಮ ಕಾಲದ ರಾಜಕಾರಣ ಹುಟ್ಟಿಸಿದ್ದು. ಹಳೆಯ ಕ್ರೈಸ್ತರು ಅದನ್ನು ಕೇಳಿರಲಿಲ್ಲ, ಮುನೇಶ್ವರನೂ ಕೇಳಿರಲಿಲ್ಲ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳಲಾಗದು. ಬೆಟ್ಟಬೆಟ್ಟಗಳಲ್ಲಿ ಹಿಂದೂ ದೇವರುಗಳ ಪ್ರತಿಮೆ ಏಳುವಾಗ ಸುಮ್ಮನಿದ್ದವರು, ಬಡ ಅಲ್ಪಸಂಖ್ಯಾತರು ಒಂದು ಪ್ರತಿಮೆ ಬಯಸಿದಾಗ ಮಾತ್ರ ಗೋಮಾಳ, ಕಾನೂನು, ಪರಂಪರೆ ಎನ್ನುವುದು ನ್ಯಾಯವೇ? ನ್ಯಾಯವಲ್ಲ. ಕಪಾಲಬೆಟ್ಟದ ಗದ್ದಲದ ಬೆನ್ನಿಗೇ, 2020ರ ಮಾರ್ಚ್‌ನಲ್ಲಿ, ದೇವನಹಳ್ಳಿ ಕಡೆಯ ದೊಡ್ಡಸಾಗರಹಳ್ಳಿಯ ಗುಡ್ಡದ ಮೇಲಿದ್ದ ಯೇಸುವಿನ ಪ್ರತಿಮೆಯನ್ನು ಅಧಿಕಾರಿಗಳು ತೆಗೆಸಿದರು. 2022ರ ಫೆಬ್ರವರಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಗೋಕುಂಟೆಯಲ್ಲಿ ವರ್ಷಗಳಿಂದ ನಿಂತಿದ್ದ 20 ಅಡಿಯ ಯೇಸುವಿನ ಪ್ರತಿಮೆಯನ್ನು ಗೋಮಾಳವೆಂಬ ಕಾರಣಕ್ಕೆ ಒಡೆದುಹಾಕಿದರು. ರಾಜ್ಯದ ಗೋಮಾಳಗಳಲ್ಲಿ ಎಲ್ಲ ಧರ್ಮದ ಎಷ್ಟು ಕಟ್ಟಡಗಳಿವೆ ಎಂದು ಹಳ್ಳಿಯಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾನೂನು ಒಬ್ಬರ ಮೇಲೆ ಮಾತ್ರ ಎರಗಿದಾಗ ಅದು ಕಾನೂನಾಗಿ ಉಳಿಯುವುದಿಲ್ಲ. ಈ ವಿಷಯದಲ್ಲಿ ನಾನು ಗೋಕುಂಟೆಯವರ ಪರ.

ಆದರೆ ಈ ಅನ್ಯಾಯಕ್ಕೆ ಪರಿಹಾರ ಸರ್ಕಾರವು ಎಲ್ಲರಿಗೂ ಒಂದೊಂದು ಬೆಟ್ಟ ಹಂಚುವುದಲ್ಲ. ಸೆರಾಪಿಸನ ಗುಡಿಯಿಂದ ಗೋವಾದವರೆಗೆ ಕಂಡದ್ದು ಒಂದೇ: ಪ್ರಭುತ್ವ ಯಾವ ದೇವರ ಕೈ ಹಿಡಿಯಿತೋ ಆ ದೇವರ ನೆರೆಯವರಿಗೆ ಕಷ್ಟ ಬಂತು, ಹಿಡಿದವರು ಕ್ರೈಸ್ತರಾಗಿರಲಿ, ಕ್ರೈಸ್ತರನ್ನು ಕೊಲ್ಲಿಸಿದ ರೋಮನ್ನರಾಗಿರಲಿ. ನಮ್ಮ ನಾಡೂ ಇದಕ್ಕೆ ಹೊರತಲ್ಲ. ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜಿನಬಿಂಬವನ್ನು ಒಡೆದು ಶಿವನನ್ನು ಸ್ಥಾಪಿಸಿದ ಕಥೆಯನ್ನು ಅಲ್ಲಿನ ಶಾಸನವೇ ಹೆಮ್ಮೆಯಿಂದ ಹೇಳುತ್ತದೆ. ಧರ್ಮಗಳ ಜಗಳ ಪರದೇಶದಿಂದ ಆಮದಾದದ್ದು ಎನ್ನುವವರು ಒಮ್ಮೆ ಹಾವೇರಿ ಜಿಲ್ಲೆಗೆ ಹೋಗಿ ಅದನ್ನು ನೋಡಬೇಕು.

ಬೇರೆ ದಾರಿಯನ್ನು ತೋರಿಸುವ ಕಲ್ಲೂ ನಮ್ಮಲ್ಲಿದೆ, ಅದೂ ಕನಕಪುರವಿರುವ ಜಿಲ್ಲೆಯಲ್ಲೇ, ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. 1368ರಲ್ಲಿ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ದೂರಿಕೊಂಡರು. ದೊರೆ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದ, ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಎತ್ತಿಹಿಡಿದ, ಜೈನರಿಗೆ ಆಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಬಗೆಯಬೇಕು ಎಂದು ಕಟ್ಟು ಮಾಡಿದ. ಬೆಳಗೊಳದ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸುವ ಹೊಣೆಯೂ ಶ್ರೀವೈಷ್ಣವರದ್ದಾಯಿತು. ಖರ್ಚಿಗೆ ಜೈನರ ಮನೆಗೊಂದು ಹಣ. ಶ್ರವಣಬೆಳಗೊಳದ ಶಾಸನ ಎಲ್ಲರಿಗೂ ಗೊತ್ತು. ಅದೇ ಒಪ್ಪಂದವನ್ನು ಕಲ್ಯದಲ್ಲೂ ಕಲ್ಲಿಗೆ ಕೆತ್ತಿಸಿದ್ದಾರೆ. ಬುಕ್ಕರಾಯ ಜೈನರಿಗೆ ಹೊಸ ಬೆಟ್ಟ ಕೊಡಲಿಲ್ಲ, ವೈಷ್ಣವರಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಇದ್ದ ಆಚರಣೆಗೆ ರಕ್ಷಣೆ ಕೊಟ್ಟ, ಆ ರಕ್ಷಣೆಯ ಹೊಣೆಯನ್ನು ಬಲವುಳ್ಳವರ ಮೇಲೆ ಹಾಕಿದ. ಮಧ್ಯಯುಗದ ದೊರೆಯೊಬ್ಬನಿಂದ ಕಲಿಯಲು ನಾವು ನಾಚಬೇಕಿಲ್ಲ.

ಕಪಾಲಬೆಟ್ಟಕ್ಕೆ ಈ ನ್ಯಾಯವನ್ನು ಅನ್ವಯಿಸಿದರೆ ಏನಾಗುತ್ತದೆ? ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಹತ್ತುವ ಹಾರೋಬೆಲೆಯವರ ರೂಢಿಗೆ ಪೂರ್ಣ ರಕ್ಷಣೆ. ಅದೇ ಬೆಟ್ಟದಲ್ಲಿ ಮುನೇಶ್ವರನಿಗೆ ನಡೆದುಕೊಳ್ಳುವ ಒಕ್ಕಲುಗಳಿದ್ದರೆ ಅವರ ಕಲ್ಲಿಗೆ, ಮರಕ್ಕೆ, ಪೂಜಾರಿಗೆ, ಅವರ ಪದ್ಧತಿಯಂತೆಯೇ, ಅಷ್ಟೇ ರಕ್ಷಣೆ. ಮೊದಲನೆಯದಕ್ಕೆ ಹೊಣೆ ಹಿಂದೂಗಳದು, ಎರಡನೆಯದಕ್ಕೆ ಹೊಣೆ ಕ್ರೈಸ್ತರದೂ ಹೌದು. ಮುನೇಶ್ವರನನ್ನು ದೆವ್ವವೆಂದು ಕರೆಯುವ ಪ್ರಸಂಗವನ್ನು ಯಾವ ಪಂಗಡದ ಬೋಧಕನೂ ಮಾಡಬಾರದು. ಹೊಸದಾಗಿ ಬಂದ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಆ ಭಾಷೆ ಕೇಳಿಬರುತ್ತದೆ. ಅದನ್ನು ಗಟ್ಟಿಯಾಗಿ ಅಲ್ಲಗಳೆಯಬೇಕಾದವರು ಹಾರೋಬೆಲೆಯಂಥ ಹಳೆಯ ಊರುಗಳ ಕ್ರೈಸ್ತರು, ಯಾಕೆಂದರೆ ಅದರ ಬೆಲೆ ತೆರುವವರು ಅವರೇ. ಹಾಗೆಯೇ ಮೂರೂವರೆ ಶತಮಾನದ ನೆರೆಯವರನ್ನು ನಿನ್ನೆ ಮತಾಂತರವಾದವರಂತೆ ಬಿಂಬಿಸುವುದನ್ನು ಕನಕಪುರದ ಒಕ್ಕಲಿಗರು, ಲಿಂಗಾಯತರು, ದಲಿತರು ಒಪ್ಪಬಾರದು. ಆ ನೆರೆಯವರ ಆಟ ನೋಡಿ ಬೆಳೆದವರು ಅವರು.

ಉಳಿದದ್ದು ಜಮೀನಿನ ಮಾತು. ಗೋಮಾಳವಿರುವುದು ದನಕರುಗಳಿಗೆ. ನೂರು ರಾಸುಗಳಿಗೆ 30 ಎಕರೆ ಮೀಸಲಿಡಬೇಕೆಂದು ನಮ್ಮ ಭೂಕಂದಾಯ ನಿಯಮಗಳೇ ಹೇಳುತ್ತವೆ. ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಹೊಸ ಧಾರ್ಮಿಕ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟು 2009ರಲ್ಲೇ ಆದೇಶಿಸಿದೆ. ಅರ್ಕಾವತಿ–ಕಾವೇರಿ ಸಂಗಮದ ಕಡೆಯ ಈ ಕಾಡಂಚಿನ ಹೋಬಳಿಯಲ್ಲಿ ಆನೆಗಳ ಕಾಟದ ನಡುವೆ ರಾಗಿ ಬೆಳೆಯುವ, ಕುರಿ ದನ ಮೇಯಿಸುವ ಮಂದಿಗೆ ಬೆಟ್ಟದ ಹುಲ್ಲು ಬೇಕು. ಆ ಮಂದಿಯಲ್ಲಿ ಚೌರಪ್ಪನೂ ಇದ್ದಾನೆ, ಮುನಿಯಪ್ಪನೂ ಇದ್ದಾನೆ. ಯೇಸುವಿಗಾಗಲಿ, ಶಿವನಿಗಾಗಲಿ, ಆಂಜನೇಯನಿಗಾಗಲಿ, ಇನ್ನು ಮುಂದೆ ಗೋಮಾಳದ ಒಂದು ಗುಂಟೆಯನ್ನೂ ಪ್ರತಿಮೆಗೆಂದು ಮಂಜೂರು ಮಾಡಬಾರದು. ರಾಜ್ಯ ಸರ್ಕಾರ ಇದನ್ನು ಪಕ್ಷ ನೋಡದೆ, ಧರ್ಮ ನೋಡದೆ, ಬರೆದು ಆದೇಶ ಮಾಡಬೇಕು. ಉಯ್ಯಂಬಳ್ಳಿ ಹೋಬಳಿಯ ಎಲ್ಲ ಗ್ರಾಮ ಪಂಚಾಯಿತಿಗಳೂ ಹಾಗೆಂದು ಠರಾವು ಮಾಡಿ ಕಳಿಸಲಿ.